ಗೊಬ್ಬರದ ಚೀಲ ಮತ್ತು ರಸಸಾರ ಮಾಪಕ: ಫ್ರಿಟ್ಜ್ ಹೇಬರ್ ಅವರ ಜೀವನ



ಮೇ ತಿಂಗಳು ಬಂದಿತೆಂದರೆ ಹಾಸನದ ಕೃಷಿ ಮಾರುಕಟ್ಟೆ ಪ್ರಾಂಗಣಕ್ಕೆ ಪಂಜಾಬಿನ ಜಲಂಧರ್ ಕಡೆಯಿಂದ ಆಲೂಗಡ್ಡೆಯ ಬಿತ್ತನೆ ಗೆಡ್ಡೆಗಳನ್ನು ಹೊತ್ತ ಲಾರಿಗಳು ಬಂದು ನಿಲ್ಲುತ್ತವೆ. ಹಾಸನ, ಅರಕಲಗೂಡು, ಹೊಳೆನರಸೀಪುರ ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರು ಗೆಡ್ಡೆಯ ಮೂಟೆಗಳೊಡನೆ ಗೊಬ್ಬರದ ಚೀಲಗಳನ್ನೂ ಮನೆಗೆ ಒಯ್ಯುವ ಕಾಲವಿದು. ಆ ಚೀಲದಲ್ಲಿರುವುದು ಯೂರಿಯಾ ಇರಲಿ, ಅಮೋನಿಯಂ ಸಲ್ಫೇಟ್ ಇರಲಿ, ಡಿ.ಎ.ಪಿ. ಇರಲಿ, ಅದರೊಳಗಿನ ಸಾರಜನಕವು ಒಮ್ಮೆ ಅಮೋನಿಯವಾಗಿಯೇ ಕಾರ್ಖಾನೆಯಲ್ಲಿ ಹುಟ್ಟಿದ್ದು. ಇನ್ನೊಂದೆಡೆ, ನಿಮ್ಮ ಹೊಲದ ಮಣ್ಣನ್ನು ಪರೀಕ್ಷೆಗೆ ಕೊಟ್ಟಾಗ ಪ್ರಯೋಗಾಲಯದಲ್ಲಿ ಅದರ ರಸಸಾರವನ್ನು, ಅಂದರೆ ಪಿ.ಎಚ್. ಮೌಲ್ಯವನ್ನು, ಅಳೆಯುವುದು ತೆಳುವಾದ ಗಾಜಿನ ಬುರುಡೆಯುಳ್ಳ ಒಂದು ಕಡ್ಡಿಯಿಂದ.

ಗಾಳಿಯಿಂದ ಅಮೋನಿಯವನ್ನು ತಯಾರಿಸುವ ಮಾರ್ಗ ಮತ್ತು ಆಮ್ಲೀಯತೆಯನ್ನು ಅಳೆಯುವ ಗಾಜಿನ ಕಡ್ಡಿ, ಇವೆರಡೂ 1909ನೇ ಇಸವಿಯಲ್ಲಿ ಒಂದೇ ಪ್ರಯೋಗಾಲಯದಿಂದ ಹೊರಬಂದವು ಎಂಬುದು ಬಹಳ ಮಂದಿಗೆ ತಿಳಿಯದು. ಆ ಪ್ರಯೋಗಾಲಯದ ಮುಖ್ಯಸ್ಥರು ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಜ್ ಹೇಬರ್. ಅವರ ಮೊದಲನೆಯ ಕೊಡುಗೆ ಪ್ರತಿಯೊಂದು ಹೊಲವನ್ನೂ ತಲುಪಿದೆ. ಎರಡನೆಯದು ಇನ್ನೂ ಎಷ್ಟೋ ಹೊಲಗಳನ್ನು ತಲುಪಿಲ್ಲ. ಎರಡನೆಯದಿಲ್ಲದೆ ಮೊದಲನೆಯದನ್ನು ಬಳಸಿದರೆ ಹಣವೂ ಮಣ್ಣಿನ ಆರೋಗ್ಯವೂ ಹೇಗೆ ನಷ್ಟವಾಗುತ್ತವೆ ಎಂಬುದನ್ನು ಅವರ ಜೀವನದ ಜೊತೆಯಲ್ಲಿಯೇ ಇಲ್ಲಿ ವಿವರಿಸಲಾಗಿದೆ. ಈ ಜೀವನದಲ್ಲಿ ಎಲ್ಲವೂ ಅನುಕರಣೀಯವಲ್ಲ. ಆದರೂ ಮುಚ್ಚಿಡದೆ ಪೂರ್ಣವಾಗಿ ತಿಳಿಯುವುದು ಒಳ್ಳೆಯದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫ್ರಿಟ್ಜ್ ಹೇಬರ್ ಅವರು 1868ರ ಡಿಸೆಂಬರ್ 9ರಂದು ಬ್ರೆಸ್ಲಾವ್ ನಗರದಲ್ಲಿ ಜನಿಸಿದರು. ಅಂದು ಜರ್ಮನರ ಆಳ್ವಿಕೆಯಲ್ಲಿದ್ದ ಆ ಊರು ಇಂದು ಪೋಲೆಂಡ್ ದೇಶಕ್ಕೆ ಸೇರಿದೆ. ಮನೆತನ ಯೆಹೂದಿ ವರ್ತಕರದು. ತಂದೆ ಜೀಗ್‌ಫ್ರೀಡ್ ಹೇಬರ್ ಅವರು ಬಣ್ಣ ಮತ್ತು ಔಷಧ ಪದಾರ್ಥಗಳ ವ್ಯಾಪಾರಿ. ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡರು. ತಾಯಿಯಿಲ್ಲದೆ ಬೆಳೆದ ಬಾಲಕನಿಗೂ ತಂದೆಗೂ ಕೊನೆಯವರೆಗೆ ಹೆಚ್ಚಿನ ಹೊಂದಾಣಿಕೆ ಇರಲಿಲ್ಲ.

ಹೈಡಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ರಸಾಯನಜ್ಞ ಬುನ್‌ಸೆನ್ ಅವರ ಬಳಿ, ಮುಂದೆ ಬರ್ಲಿನ್ ನಗರದಲ್ಲಿ ಹೇಬರ್ ಅಧ್ಯಯನ ಮಾಡಿ 1891ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ತಂದೆಯ ಅಂಗಡಿಯಲ್ಲಿ ಕೆಲಕಾಲ ದುಡಿದರೂ ವ್ಯಾಪಾರ ಅವರಿಗೆ ಒಗ್ಗಲಿಲ್ಲ. ಯೆಹೂದಿಗಳಿಗೆ ವಿಶ್ವವಿದ್ಯಾಲಯಗಳಲ್ಲಿ ಉನ್ನತ ಹುದ್ದೆ ದೊರೆಯುವುದು ಕಠಿಣವಾಗಿದ್ದ ಆ ಕಾಲದಲ್ಲಿ ಅವರು ಕ್ರೈಸ್ತ ಮತವನ್ನು ಸ್ವೀಕರಿಸಿದರು. 1894ರಲ್ಲಿ ಕಾರ್ಲ್ಸ್‌ರೂಹೆ ನಗರದ ತಾಂತ್ರಿಕ ವಿದ್ಯಾಲಯಕ್ಕೆ ಸಹಾಯಕರಾಗಿ ಸೇರಿ, ಅಲ್ಲಿಯೇ ಪ್ರಾಧ್ಯಾಪಕರಾದರು. 1901ರಲ್ಲಿ ಅವರ ವಿವಾಹ ಕ್ಲಾರಾ ಇಮ್ಮರ್ವಾರ್ ಅವರೊಡನೆ ನಡೆಯಿತು. ಕ್ಲಾರಾ ಅವರು ಬ್ರೆಸ್ಲಾವ್ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ಮದುವೆಯ ನಂತರ ಮನೆ, ಅತಿಥಿಗಳು ಹಾಗೂ ಮಗ ಹರ್ಮನ್‌ನ ಆರೈಕೆಯಲ್ಲಿ ಅವರ ಸ್ವಂತ ಸಂಶೋಧನೆ ನಿಂತುಹೋಯಿತು. ಈ ಕೊರಗು ಅವರ ಪತ್ರಗಳಲ್ಲಿ ಉಳಿದಿದೆ.

ಅಂದಿನ ಜಗತ್ತಿನ ಸಾರಜನಕದ ಚಿಂತೆ

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದೆ. ಆದರೆ ಅದರ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿಯಾಗಿ ಕೂಡಿಕೊಂಡಿರುವುದರಿಂದ ಬೆಳೆಗಳು ಅದನ್ನು ನೇರವಾಗಿ ಬಳಸಲಾರವು. ಹಲಸಂದೆ, ಅವರೆ, ಹೆಸರು ಮುಂತಾದ ದ್ವಿದಳ ಬೆಳೆಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಆ ಬಂಧವನ್ನು ಬಿಡಿಸಬಲ್ಲವು. ಉಳಿದ ಬೆಳೆಗಳಿಗೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ, ಹಿಂಡಿ ಇವುಗಳೇ ಆಧಾರ.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ದೇಶಗಳು ದಕ್ಷಿಣ ಅಮೆರಿಕದ ಚಿಲಿ ದೇಶದ ಮರುಭೂಮಿಯಿಂದ ಸೋಡಿಯಂ ನೈಟ್ರೇಟನ್ನು ಹಡಗುಗಳಲ್ಲಿ ತರಿಸಿಕೊಳ್ಳುತ್ತಿದ್ದವು. ಈ ನಿಕ್ಷೇಪ ಮುಗಿದರೆ ಗೋಧಿ ಬೆಳೆಯುವ ದೇಶಗಳಿಗೆ ಹಸಿವು ಕಾದಿದೆ ಎಂದು ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಅವರು 1898ರಲ್ಲಿ ಎಚ್ಚರಿಸಿದರು. ಗಾಳಿಯ ಸಾರಜನಕವನ್ನು ಹಿಡಿಯುವ ಮಾರ್ಗವನ್ನು ರಸಾಯನ ವಿಜ್ಞಾನಿಗಳೇ ಹುಡುಕಬೇಕೆಂಬುದು ಅವರ ಕರೆಯಾಗಿತ್ತು. ಜರ್ಮನಿಗೆ ಈ ಚಿಂತೆ ಇನ್ನೂ ಹೆಚ್ಚು. ಯುದ್ಧ ಬಂದು ಸಮುದ್ರ ಮಾರ್ಗ ಮುಚ್ಚಿದರೆ ಗೊಬ್ಬರವೂ ಇಲ್ಲ, ಸಿಡಿಮದ್ದೂ ಇಲ್ಲ ಎಂಬುದು ಅಲ್ಲಿನ ಆಡಳಿತಗಾರರಿಗೆ ತಿಳಿದಿತ್ತು.

1909ರ ಎರಡು ಸಾಧನೆಗಳು

ಸಾರಜನಕವನ್ನೂ ಜಲಜನಕವನ್ನೂ ನೇರವಾಗಿ ಕೂಡಿಸಿ ಅಮೋನಿಯವನ್ನು ಮಾಡುವ ಪ್ರಯೋಗಗಳನ್ನು ಹೇಬರ್ ಅವರು 1904ರ ಸುಮಾರಿಗೆ ಆರಂಭಿಸಿದರು. ಶಾಖವನ್ನು ಏರಿಸಿದರೆ ಕ್ರಿಯೆ ಬೇಗ ನಡೆಯುತ್ತದೆ; ಆದರೆ ಹುಟ್ಟಿದ ಅಮೋನಿಯ ಮತ್ತೆ ಒಡೆದುಹೋಗುತ್ತದೆ. ಶಾಖವನ್ನು ಇಳಿಸಿದರೆ ಅಮೋನಿಯ ಉಳಿಯುತ್ತದೆ. ಆದರೆ ಕ್ರಿಯೆಯೇ ನಡೆಯುವುದಿಲ್ಲ. ಮೊದಲ ಪ್ರಯೋಗಗಳಲ್ಲಿ ದೊರೆತ ಇಳುವರಿ ಅತ್ಯಲ್ಪ. ಹೇಬರ್ ಅವರ ಅಂಕಿಗಳು ಸರಿಯಿಲ್ಲವೆಂದು ಮತ್ತೊಬ್ಬ ಹಿರಿಯ ವಿಜ್ಞಾನಿ ವಾಲ್ಟರ್ ನರ್ನ್ಸ್ಟ್ ಅವರು 1907ರಲ್ಲಿ ವಿದ್ವಾಂಸರ ಸಭೆಯಲ್ಲಿಯೇ ಆಕ್ಷೇಪಿಸಿದರು. ಈ ಅವಮಾನದಿಂದ ನೊಂದ ಹೇಬರ್ ಅವರು ಕೆಲಸವನ್ನು ಬಿಡದೆ, ಹೆಚ್ಚಿನ ಒತ್ತಡದಲ್ಲಿ ಪ್ರಯೋಗವನ್ನು ಮುಂದುವರಿಸಿದರು.

ಅವರಿಗೆ ನೆರವಾದವರು ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದಿಂದ ಬಂದ ರಾಬರ್ಟ್ ಲೆ ರೊಸಿನ್ಯೋಲ್. ಸುಮಾರು 200 ವಾಯುಭಾರದ ಒತ್ತಡವನ್ನು ತಡೆಯುವ ಉಪಕರಣವನ್ನೂ ಅದರ ಕವಾಟಗಳನ್ನೂ ತಮ್ಮ ಕೈಯಾರೆ ರೂಪಿಸಿದವರು ಅವರು. ಆಸ್ಮಿಯಂ ಎಂಬ ಅಪರೂಪದ ಲೋಹ ಕ್ರಿಯಾವರ್ಧಕವಾಯಿತು. ಹುಟ್ಟಿದ ಅಮೋನಿಯವನ್ನು ಒಡನೆಯೇ ತಂಪುಗೊಳಿಸಿ ದ್ರವವಾಗಿ ಬೇರ್ಪಡಿಸಿ, ಉಳಿದ ಅನಿಲವನ್ನು ಮತ್ತೆ ಮತ್ತೆ ಸುತ್ತಿಸುವ ಉಪಾಯವನ್ನು ಅವರು ಕಂಡುಕೊಂಡರು. 1909ರ ಜುಲೈ ತಿಂಗಳ ಆರಂಭದಲ್ಲಿ ಬಿ.ಎ.ಎಸ್.ಎಫ್. ಸಂಸ್ಥೆಯ ಕಾರ್ಲ್ ಬಾಷ್ ಮತ್ತು ಆಲ್ವಿನ್ ಮಿಟಾಶ್ ಇದನ್ನು ನೋಡಲು ಬಂದರು. ಉಪಕರಣದ ಒಂದು ಬೋಲ್ಟ್ ಕೈಕೊಟ್ಟು ತಡವಾದ್ದರಿಂದ ಬಾಷ್ ಹೊರಟುಹೋದರು. ಕಾದು ನಿಂತ ಮಿಟಾಶ್ ಅವರ ಕಣ್ಣೆದುರಿಗೆ ದ್ರವ ಅಮೋನಿಯ ತೊಟ್ಟಿಕ್ಕತೊಡಗಿತು. ಅದರ ಪ್ರಮಾಣ ಗಂಟೆಗೆ ಸುಮಾರು 125 ಮಿಲಿ ಲೀಟರ್, ಅಂದರೆ ಒಂದು ಕಾಫಿ ಲೋಟದಷ್ಟು. ಇಂದು ಪ್ರಪಂಚದ ಗೊಬ್ಬರ ಕಾರ್ಖಾನೆಗಳೆಲ್ಲವೂ ಆ ಲೋಟದ ಸಂತತಿ.

ಅದೇ ವರ್ಷದ ಇನ್ನೊಂದು ಸಾಧನೆಗೆ ಅಂದು ಅಷ್ಟು ಪ್ರಚಾರ ದೊರೆಯಲಿಲ್ಲ. ತೆಳುವಾದ ಗಾಜಿನ ಪೊರೆಯ ಎರಡು ಬದಿಗಳಲ್ಲಿ ಬೇರೆ ಬೇರೆ ಹುಳಿಯ ದ್ರಾವಣಗಳಿದ್ದರೆ ಆ ಗಾಜಿನಲ್ಲಿ ಅಲ್ಪ ವಿದ್ಯುತ್ ವಿಭವ ಉಂಟಾಗುವುದನ್ನು ಮ್ಯಾಕ್ಸ್ ಕ್ರೆಮರ್ ಎಂಬುವರು 1906ರಲ್ಲಿ ಗಮನಿಸಿದ್ದರು. ಹೇಬರ್ ಅವರೂ ಅವರ ಪ್ರಯೋಗಾಲಯದಲ್ಲಿದ್ದ ಜಿಗ್ಮಂಟ್ ಕ್ಲೆಮೆನ್ಸಿಯೆವಿಚ್ ಅವರೂ ಈ ಗುಣವನ್ನು ಕ್ರಮವಾಗಿ ಅಭ್ಯಾಸ ಮಾಡಿ, ಆಮ್ಲೀಯತೆಯನ್ನು ಅಳೆಯಬಲ್ಲ ಗಾಜಿನ ವಿದ್ಯುದ್ವಾರವನ್ನು 1909ರಲ್ಲಿ ಪ್ರಕಟಿಸಿದರು. ಅದೇ ವರ್ಷ ಡೆನ್ಮಾರ್ಕ್ ದೇಶದ ಸೋರೆನ್‌ಸೆನ್ ಅವರು ರಸಸಾರದ ಅಳತೆಗೋಲನ್ನು ರೂಪಿಸಿದರು. ಈ ಎರಡೂ ಕೂಡಿ, 1930ರ ದಶಕದಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ಅವರ ಕೈಯಲ್ಲಿ ಇಂದಿನ ರಸಸಾರ ಮಾಪಕವಾಯಿತು. ಬೆಕ್‌ಮನ್ ಅದನ್ನು ಮೊದಲು ರೂಪಿಸಿದ್ದು ನಿಂಬೆಯ ರಸದ ಹುಳಿಯನ್ನು ಅಳೆಯುವುದಕ್ಕಾಗಿ. ಇಂದು ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಒಂದು ಭಾಗ ಮಣ್ಣಿಗೆ ಎರಡೂವರೆ ಭಾಗ ನೀರು ಸೇರಿಸಿ ಕಲಕಿ, ಅದರೊಳಗೆ ಇಳಿಬಿಡುವುದು ಇದೇ ಗಾಜಿನ ಕಡ್ಡಿಯನ್ನು.

ಅಮೋನಿಯ ಮತ್ತು ಅಮೋನಿಯಂ: ಒಂದೇ ಪದಾರ್ಥದ ಎರಡು ರೂಪಗಳು

ಹೇಬರ್ ಅವರ ಈ ಎರಡು ಸಾಧನೆಗಳಿಗೆ ನಿಮ್ಮ ಹೊಲದಲ್ಲಿ ಏನು ಸಂಬಂಧ ಎಂಬುದನ್ನು ತಿಳಿಯಲು ಸ್ವಲ್ಪ ರಸಾಯನಶಾಸ್ತ್ರ ಅಗತ್ಯ.

ಅಮೋನಿಯವು ಅನಿಲ, ಕಣ್ಣು ಮೂಗುಗಳನ್ನು ಉರಿಸುವ ಘಾಟುಳ್ಳದ್ದು. ಅದು ಪ್ರತ್ಯಾಮ್ಲ, ಅಂದರೆ ಆಮ್ಲದಿಂದ ಜಲಜನಕದ ಒಂದು ಅಯಾನನ್ನು ಸ್ವೀಕರಿಸುವ ಗುಣ ಅದಕ್ಕಿದೆ. ಹಾಗೆ ಸ್ವೀಕರಿಸಿದೊಡನೆ ಅದು ಅಮೋನಿಯಂ ಎಂಬ ಧನ ಅಯಾನು ಆಗುತ್ತದೆ. ಅಮೋನಿಯಂಗೆ ಘಾಟಿಲ್ಲ, ಅದು ಗಾಳಿಗೆ ಹಾರಿಹೋಗುವುದಿಲ್ಲ. ಋಣ ವಿದ್ಯುದಾವೇಶವಿರುವ ಜೇಡಿಕಣಗಳು ಮತ್ತು ಸಾವಯವ ಪದಾರ್ಥ ಅದನ್ನು ಹಿಡಿದುಕೊಳ್ಳುತ್ತವೆ. ಸುತ್ತಲಿನ ದ್ರಾವಣ ಕ್ಷಾರವಾದರೆ ಅಮೋನಿಯಂ ತಾನು ಪಡೆದ ಜಲಜನಕವನ್ನು ಬಿಟ್ಟುಕೊಟ್ಟು ಮರಳಿ ಅನಿಲವಾಗುತ್ತದೆ.

ಯಾವ ರೂಪ ಎಷ್ಟಿರಬೇಕೆಂಬುದನ್ನು ತೀರ್ಮಾನಿಸುವುದು ರಸಸಾರವೇ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ರಸಸಾರ 9.25 ಇದ್ದಾಗ ಅರ್ಧ ಅಮೋನಿಯ, ಅರ್ಧ ಅಮೋನಿಯಂ ಇರುತ್ತವೆ. ರಸಸಾರ 8.25ಕ್ಕೆ ಇಳಿದರೆ ನೂರರಲ್ಲಿ ಸುಮಾರು 9 ಭಾಗ ಮಾತ್ರ ಅಮೋನಿಯ, 7.25ರಲ್ಲಿ ನೂರರಲ್ಲಿ 1 ಭಾಗ, 6.25ರಲ್ಲಿ ಸಾವಿರದಲ್ಲಿ 1 ಭಾಗ. ರಸಸಾರದ ಒಂದು ಅಂಕಿ ಎಂದರೆ ಹತ್ತರಷ್ಟು ವ್ಯತ್ಯಾಸ ಎಂಬುದನ್ನು ಮರೆಯಬಾರದು. ಬಿಸಿಲೇರಿದಂತೆ ಅಮೋನಿಯದ ಪಾಲು ಇನ್ನಷ್ಟು ಹೆಚ್ಚುತ್ತದೆ.

ಇದನ್ನು ನೀವು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಗಾಜಿನ ಲೋಟದಲ್ಲಿ ಚಿಟಿಕೆ ಅಮೋನಿಯಂ ಸಲ್ಫೇಟ್ ಹಾಕಿ ಮೂಸಿದರೆ ಘಾಟಿರುವುದಿಲ್ಲ. ಅದಕ್ಕೆ ಎಲೆ ಅಡಿಕೆಗೆ ಬಳಸುವ ಸುಣ್ಣವನ್ನು ಸ್ವಲ್ಪ ಸೇರಿಸಿ, ನಾಲ್ಕು ಹನಿ ನೀರು ಬಿಟ್ಟರೆ ಮೂಗಿಗೆ ಹೊಡೆಯುವಂತೆ ಘಾಟು ಏಳುತ್ತದೆ. ಹತ್ತಿರಕ್ಕೆ ಮುಖ ಒಯ್ಯಬೇಡಿ. ಅರಿಶಿನದ ನೀರಿನಲ್ಲಿ ಅದ್ದಿದ ಹಸಿ ಕಾಗದವನ್ನು ಲೋಟದ ಮೇಲೆ ಹಿಡಿದರೆ ಅದು ಕೆಂಪಾಗುತ್ತದೆ. ಆರತಿಯ ಓಕುಳಿ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಬೆರೆತಾಗ ಕೆಂಪಾಗುವುದೂ ಇದೇ ಕಾರಣದಿಂದ. ಕಾಗದವನ್ನು ಹೊರಗಿಟ್ಟು ಒಣಗಿಸಿದರೆ ಅಮೋನಿಯ ಹಾರಿಹೋಗಿ ಮತ್ತೆ ಹಳದಿಯಾಗುತ್ತದೆ. ಆ ಕಾಗದದಿಂದ ಹಾರಿಹೋದದ್ದೇ ನಿಮ್ಮ ಹೊಲದಿಂದಲೂ ಹಾರಿಹೋಗುವ ಸಾರಜನಕ. ಬೆಳಗಿನ ಜಾವ ಬಾಗಿಲು ತೆರೆದಾಗ ದನದ ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಘಾಟು ಕೂಡ ಗಂಜಲದ ಯೂರಿಯಾ ಒಡೆದು ಹುಟ್ಟಿದ ಅಮೋನಿಯವೇ.

ಯೂರಿಯಾ ಗೊಬ್ಬರದ ವಿಷಯದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಣ್ಣಿಗೆ ಬಿದ್ದ ಯೂರಿಯಾವನ್ನು ಯೂರಿಯೇಸ್ ಎಂಬ ಕಿಣ್ವ ಕೆಲವು ದಿನಗಳಲ್ಲಿ ಒಡೆಯುತ್ತದೆ. ಆಗ ಹರಳಿನ ಸುತ್ತಲಿನ ಮಣ್ಣಿನ ರಸಸಾರ ತಾತ್ಕಾಲಿಕವಾಗಿ 9ರ ಸಮೀಪಕ್ಕೆ ಏರಬಹುದು. ಆದ್ದರಿಂದ ಹೊಲದ ಮಣ್ಣು ಹುಳಿಯಾಗಿದ್ದರೂ ಮೇಲೆ ಚೆಲ್ಲಿ ಬಿಟ್ಟ ಯೂರಿಯಾದಿಂದ ಅಮೋನಿಯ ಹಾರಿಹೋಗುತ್ತದೆ. ಮಣ್ಣಿನೊಳಗೆ ಸೇರಿಸಿದರೆ ಅಲ್ಲಿನ ತೇವ ಮತ್ತು ಜೇಡಿ ಅದನ್ನು ಅಮೋನಿಯಂ ಆಗಿ ಹಿಡಿದುಕೊಳ್ಳುತ್ತವೆ.

ಇನ್ನೊಂದು ಹಂತವಿದೆ. ಮಣ್ಣಿನ ಸೂಕ್ಷ್ಮಾಣುಗಳು ಗಾಳಿಯ ಆಮ್ಲಜನಕವನ್ನು ಬಳಸಿ ಅಮೋನಿಯಂ ಅನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೀಗೆ ಮಾಡುವಾಗ ಪ್ರತಿಯೊಂದು ಅಮೋನಿಯಂ ಅಯಾನಿಗೆ ಜಲಜನಕದ ಎರಡು ಅಯಾನುಗಳು ಮಣ್ಣಿಗೆ ಬಿಡುಗಡೆಯಾಗುತ್ತವೆ. ಅಂದರೆ ಮಣ್ಣು ಹುಳಿಯಾಗುತ್ತದೆ. ರೂಢಿಯ ಲೆಕ್ಕದಂತೆ 100 ಕಿ.ಗ್ರಾಂ ಅಮೋನಿಯಂ ಸಲ್ಫೇಟ್ ಉಂಟುಮಾಡುವ ಹುಳಿಯನ್ನು ಸರಿಪಡಿಸಲು ಸುಮಾರು 110 ಕಿ.ಗ್ರಾಂ ಸುಣ್ಣದಕಲ್ಲಿನ ಪುಡಿ ಬೇಕು. ಅಷ್ಟೇ ಸಾರಜನಕವನ್ನು ಕೊಡುವ 45 ಕಿ.ಗ್ರಾಂ ಯೂರಿಯಾಕ್ಕೆ ಸುಮಾರು 36 ಕಿ.ಗ್ರಾಂ ಸಾಕು. ಒಂದು ವರ್ಷದಲ್ಲಿ ಇದರ ಪರಿಣಾಮ ಕಾಣಿಸದು. ಹತ್ತಾರು ವರ್ಷ ಸುಣ್ಣವಿಲ್ಲದೆ, ಕೊಟ್ಟಿಗೆ ಗೊಬ್ಬರವಿಲ್ಲದೆ ಬರಿಯ ಅಮೋನಿಯಂ ಗೊಬ್ಬರಗಳನ್ನೇ ಹಾಕುತ್ತ ಬಂದರೆ ರಸಸಾರ 5.5ಕ್ಕಿಂತ ಕೆಳಗಿಳಿದು, ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರುಗಳಿಗೆ ಹಾನಿಯಾಗುತ್ತದೆ. ಹಾಕಿದ ರಂಜಕವೂ ಬೆಳೆಗೆ ದಕ್ಕದಂತೆ ಬಂಧಿತವಾಗುತ್ತದೆ.

ಕಾಫಿ ಲೋಟದಿಂದ ಕಾರ್ಖಾನೆಗೆ

ಹೇಬರ್ ಅವರ ಮೇಜಿನ ಮೇಲಿನ ಉಪಕರಣವನ್ನು ಕಾರ್ಖಾನೆಯಾಗಿ ಬೆಳೆಸಿದ ಶ್ರೇಯಸ್ಸು ಕಾರ್ಲ್ ಬಾಷ್ ಅವರದು. ಬೆಲೆ ಬಾಳುವ ಆಸ್ಮಿಯಂಗೆ ಬದಲಾಗಿ ಮಿಟಾಶ್ ಅವರು ಸಾವಿರಾರು ಪರೀಕ್ಷೆಗಳನ್ನು ನಡೆಸಿ ಕಬ್ಬಿಣದ ಅಗ್ಗದ ಕ್ರಿಯಾವರ್ಧಕವನ್ನು ಕಂಡುಹಿಡಿದರು. ಬಿಸಿ ಜಲಜನಕವು ಉಕ್ಕನ್ನು ಪೆಡಸಾಗಿಸಿ ಸೀಳುತ್ತಿದ್ದ ತೊಡಕನ್ನು ಬಾಷ್ ಅವರು ಒಳಗೆ ಮೃದು ಕಬ್ಬಿಣದ ಪದರ ಕೊಟ್ಟು ಪರಿಹರಿಸಿದರು. 1913ರ ಸೆಪ್ಟೆಂಬರ್ ತಿಂಗಳಲ್ಲಿ ಓಪ್ಪಾವ್ ಎಂಬಲ್ಲಿ ಮೊದಲ ಕಾರ್ಖಾನೆ ಕೆಲಸ ಆರಂಭಿಸಿತು. ಅಮೋನಿಯ ಅನಿಲವನ್ನು ಚೀಲದಲ್ಲಿ ತುಂಬಲಾಗದು. ಅದನ್ನು ಆಮ್ಲದೊಡನೆ ಕೂಡಿಸಿ ಅಮೋನಿಯಂ ಸಲ್ಫೇಟ್ ಆಗಿ ಹರಳುಗಟ್ಟಿಸಲಾಯಿತು.

ಈ ವಿದ್ಯೆ ನಮ್ಮ ನಾಡಿಗೂ ಬೇಗನೆ ಬಂದಿತು. ಮಿರ್ಜಾ ಇಸ್ಮಾಯಿಲ್ ಅವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕಾಲದಲ್ಲಿ, 1930ರ ದಶಕದ ಕೊನೆಯ ಭಾಗದಲ್ಲಿ, ಕೃಷ್ಣರಾಜಸಾಗರಕ್ಕೆ ಹತ್ತಿರದ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ತಯಾರಿಸುವ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಸ್ಥಾಪನೆಯಾಯಿತು. ಕೃತಕ ಅಮೋನಿಯವನ್ನು ತಯಾರಿಸಿದ ಭಾರತದ ಮೊದಲ ಕಾರ್ಖಾನೆಯೆಂದು ಅದನ್ನು ಗುರುತಿಸಲಾಗುತ್ತದೆ. ಹಾಸನದ ಹೇಮಾವತಿಯ ನೀರು ಹರಿದು ಸೇರುವುದೂ ಆ ಜಲಾಶಯಕ್ಕೇ. ಸ್ವಾತಂತ್ರ್ಯಾನಂತರ 1951ರಲ್ಲಿ ಸಿಂದ್ರಿಯ ದೊಡ್ಡ ಕಾರ್ಖಾನೆ ಇದೇ ಗೊಬ್ಬರವನ್ನು ದೇಶಕ್ಕೆಲ್ಲ ಒದಗಿಸತೊಡಗಿತು. ಇಂದು ಪ್ರಪಂಚದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಆಹಾರ ಹೇಬರ್–ಬಾಷ್ ವಿಧಾನದ ಸಾರಜನಕವನ್ನು ಅವಲಂಬಿಸಿದೆ ಎಂದು ತಜ್ಞರು ಅಂದಾಜು ಮಾಡುತ್ತಾರೆ.

ಯುದ್ಧದ ವರ್ಷಗಳು

1911ರಲ್ಲಿ ಹೇಬರ್ ಅವರನ್ನು ಬರ್ಲಿನ್ ಸಮೀಪದ ಡಾಲೆಮ್‌ನಲ್ಲಿ ಹೊಸದಾಗಿ ಸ್ಥಾಪನೆಯಾಗುತ್ತಿದ್ದ ಕೈಸರ್ ವಿಲ್ಹೆಲ್ಮ್ ಭೌತ ರಸಾಯನಶಾಸ್ತ್ರ ಸಂಸ್ಥೆಯ ನಿರ್ದೇಶಕರನ್ನಾಗಿ ನೇಮಿಸಲಾಯಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಚಿಲಿಯಿಂದ ಬರುತ್ತಿದ್ದ ನೈಟ್ರೇಟ್ ನಿಂತಿತು. ಓಪ್ಪಾವ್‌ನ ಅಮೋನಿಯವನ್ನು ನೈಟ್ರಿಕ್ ಆಮ್ಲವಾಗಿ ಪರಿವರ್ತಿಸಿ ಸಿಡಿಮದ್ದು ತಯಾರಿಸಲಾಯಿತು. ಹೊಲಗಳಿಗೆಂದು ಕಂಡುಹಿಡಿದ ವಿಧಾನ ಯುದ್ಧವನ್ನು ವರ್ಷಗಟ್ಟಲೆ ಮುಂದುವರಿಸಲು ನೆರವಾಯಿತು.

ಹೇಬರ್ ಅವರು ಇಷ್ಟಕ್ಕೇ ನಿಲ್ಲಲಿಲ್ಲ. ಕ್ಲೋರಿನ್ ಅನಿಲವನ್ನು ಆಯುಧವನ್ನಾಗಿ ಬಳಸುವ ಕಾರ್ಯಕ್ಕೆ ತಾವೇ ಮುಂದಾಳಾದರು. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಬಳಿ ಸಾವಿರಾರು ಉರುಳೆಗಳಿಂದ ಬಿಟ್ಟ ಆ ಅನಿಲ ಗಾಳಿಯೊಡನೆ ಸಾಗಿ ಕಂದಕಗಳಲ್ಲಿದ್ದ ಸೈನಿಕರ ಉಸಿರು ಕಟ್ಟಿಸಿತು. ಹೇಬರ್ ಅವರು ರಣರಂಗದಲ್ಲಿ ನಿಂತು ಮೇಲ್ವಿಚಾರಣೆ ನಡೆಸಿದ್ದರು. ಕೆಲವೇ ದಿನಗಳಲ್ಲಿ, ಮೇ 2ರಂದು, ಪತ್ನಿ ಕ್ಲಾರಾ ಅವರು ಪತಿಯ ಸೇನಾ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟರು. ಮನೆಯಲ್ಲಿ ಹನ್ನೆರಡು ವರ್ಷದ ಮಗನಿದ್ದ. ಹೇಬರ್ ಅವರು ಬಹುಬೇಗ ಪೂರ್ವದ ರಣರಂಗಕ್ಕೆ ಹೊರಟುಹೋದರು.

ಯುದ್ಧ ಮುಗಿದ ಮೇಲೆ, 1918ನೇ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಅಮೋನಿಯದ ಸಂಶ್ಲೇಷಣೆಗಾಗಿ ಅವರಿಗೆ 1919ರಲ್ಲಿ ಘೋಷಿಸಲಾಯಿತು. ವಿಷಾನಿಲದ ಕಾರಣಕ್ಕೆ ಹಲವು ದೇಶಗಳ ವಿಜ್ಞಾನಿಗಳು ಇದನ್ನು ಪ್ರತಿಭಟಿಸಿದರು. 1921ರ ಸೆಪ್ಟೆಂಬರ್ 21ರಂದು ಓಪ್ಪಾವ್ ಕಾರ್ಖಾನೆಯಲ್ಲಿ ಅಮೋನಿಯಂ ಸಲ್ಫೇಟ್ ಮತ್ತು ಅಮೋನಿಯಂ ನೈಟ್ರೇಟ್ ಮಿಶ್ರಣದ ಗಟ್ಟಿಯಾದ ರಾಶಿಯನ್ನು ಸಡಿಲಿಸಲು ಸಿಡಿಮದ್ದು ಬಳಸಿದಾಗ ರಾಶಿಯೇ ಸ್ಫೋಟಿಸಿ 500ಕ್ಕೂ ಹೆಚ್ಚು ಜನ ಮಡಿದರು. ಗೊಬ್ಬರವನ್ನು ಅಸಡ್ಡೆಯಿಂದ ಕಾಣಬಾರದೆಂಬ ಪಾಠವನ್ನು ಜಗತ್ತು ಕಲಿತದ್ದು ಅಲ್ಲಿ.

ಕೊನೆಯ ದಿನಗಳು

ಸೋತ ಜರ್ಮನಿಯ ಮೇಲಿದ್ದ ಯುದ್ಧದಂಡವನ್ನು ತೀರಿಸಲು ಸಮುದ್ರದ ನೀರಿನಿಂದ ಚಿನ್ನ ತೆಗೆಯುವ ಪ್ರಯತ್ನದಲ್ಲಿ ಹೇಬರ್ ಅವರು ಹಲವು ವರ್ಷ ಕಳೆದರು. ನಿಖರವಾಗಿ ಅಳೆದು ನೋಡಿದಾಗ ನೀರಿನಲ್ಲಿದ್ದ ಚಿನ್ನ ಮೊದಲು ನಂಬಿದ್ದಕ್ಕಿಂತ ತೀರ ಕಡಿಮೆಯೆಂದು ತಿಳಿದು ಆ ಕೆಲಸವನ್ನು ಕೈಬಿಟ್ಟರು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದು ಯೆಹೂದಿ ಮೂಲದ ನೌಕರರನ್ನು ಸರ್ಕಾರಿ ಸಂಸ್ಥೆಗಳಿಂದ ತೆಗೆಯುವ ಕಾನೂನು ಮಾಡಿದರು. ಯುದ್ಧಸೇವೆಯ ಕಾರಣದಿಂದ ಹೇಬರ್ ಅವರು ಹುದ್ದೆಯಲ್ಲಿ ಉಳಿಯಬಹುದಾಗಿತ್ತು; ಆದರೆ ಸಹೋದ್ಯೋಗಿಗಳನ್ನು ಹೊರಹಾಕಲು ಒಪ್ಪದೆ ಏಪ್ರಿಲ್ 30ರಂದು ರಾಜೀನಾಮೆ ಸಲ್ಲಿಸಿದರು. ಯಾವ ದೇಶಕ್ಕಾಗಿ ತಮ್ಮ ಮತವನ್ನೂ ಮನೆಯ ನೆಮ್ಮದಿಯನ್ನೂ ಒಪ್ಪಿಸಿದ್ದರೋ ಆ ದೇಶವನ್ನು ಬಿಟ್ಟು ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರಕ್ಕೆ ಹೋದರು. ಹೃದ್ರೋಗದಿಂದ ಬಳಲುತ್ತಿದ್ದ ಅವರು 1934ರ ಜನವರಿ 29ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನಿಧನ ಹೊಂದಿದರು. ಅವರ ಇಚ್ಛೆಯಂತೆ ಕ್ಲಾರಾ ಅವರ ಚಿತಾಭಸ್ಮವನ್ನೂ ತಂದು ಅಲ್ಲಿಯೇ ಜೊತೆಯಲ್ಲಿ ಇರಿಸಲಾಯಿತು. ಧಾನ್ಯದ ಉಗ್ರಾಣಗಳ ಕೀಟಗಳನ್ನು ಕೊಲ್ಲಲು ಅವರ ಸಂಸ್ಥೆಯಲ್ಲಿ ನಡೆದ ಸೈನೈಡ್ ಅನಿಲದ ಸಂಶೋಧನೆಯಿಂದ ಬೆಳೆದ ಪದಾರ್ಥವನ್ನೇ ನಾಜಿಗಳು ಮುಂದೆ ಸೆರೆಶಿಬಿರಗಳಲ್ಲಿ ಲಕ್ಷಾಂತರ ಜನರ ಹತ್ಯೆಗೆ ಬಳಸಿದರು. ಹೇಬರ್ ಅವರ ಬಂಧುಗಳಲ್ಲಿಯೂ ಕೆಲವರು ಆ ಶಿಬಿರಗಳಲ್ಲಿ ಮಡಿದರು.

ನಮ್ಮ ತಾಲ್ಲೂಕುಗಳಲ್ಲಿ ಅನುಸರಿಸಬೇಕಾದ ಕ್ರಮಗಳು

ಹೇಬರ್ ಅವರ ಜೀವನದ ಸರಿ ತಪ್ಪುಗಳನ್ನು ಇತಿಹಾಸ ತೂಗುತ್ತಿದೆ. ಅವರ ಪ್ರಯೋಗಾಲಯದ ಎರಡು ಕೊಡುಗೆಗಳನ್ನು ಜೊತೆಗೂಡಿಸಿ ಬಳಸುವುದು ಮಾತ್ರ ನಿಮ್ಮ ಕೈಯಲ್ಲಿದೆ. ಮಲೆನಾಡಿನ ಅಂಚಿನ ಹೆಚ್ಚು ಮಳೆಯ ಭಾಗಗಳಲ್ಲಿ ಕೆಂಪು ಮಣ್ಣು ಹುಳಿಯತ್ತ ವಾಲಿರುತ್ತದೆ. ಪೂರ್ವದ ಒಣ ಪ್ರದೇಶದಲ್ಲಿ ಮತ್ತು ನೀರು ಬಸಿಯದ ಕಾಲುವೆ ಬದಿಯ ತಗ್ಗುಗಳಲ್ಲಿ ಕ್ಷಾರದ ತೊಂದರೆ ಕಾಣಬಹುದು. ಒಂದೇ ಜಿಲ್ಲೆಯಲ್ಲಿ, ಕೆಲವೊಮ್ಮೆ ಒಂದೇ ರೈತರ ಎರಡು ತಾಕುಗಳಲ್ಲಿ, ರಸಸಾರ ಬೇರೆ ಬೇರೆಯಾಗಿರುತ್ತದೆ. ಆದ್ದರಿಂದ ನೆರೆಹೊರೆಯವರ ಅಳತೆಯನ್ನು ಅನುಸರಿಸದೆ ನಿಮ್ಮ ಮಣ್ಣನ್ನೇ ಪರೀಕ್ಷಿಸಿ.

• ಮಣ್ಣಿನ ಮಾದರಿ: ಬೆಳೆ ಕಟಾವಾದ ಮೇಲೆ, ಗೊಬ್ಬರ ಹಾಕುವ ಮೊದಲು, ತಾಕಿನ 8ರಿಂದ 10 ಕಡೆ 6 ಅಂಗುಲ ಆಳದವರೆಗೆ ಮಣ್ಣು ತೆಗೆದು ಬೆರೆಸಿ, ಅರ್ಧ ಕಿ.ಗ್ರಾಂ ಮಾದರಿಯನ್ನು ನೆರಳಿನಲ್ಲಿ ಒಣಗಿಸಿ ಕೊಡಿ. ಬದು, ಮರದ ಬುಡ, ತಿಪ್ಪೆಯ ಪಕ್ಕದ ಜಾಗಗಳನ್ನು ಬಿಡಿ.

• ಆಲೂಗಡ್ಡೆ: ಈ ಬೆಳೆ ಸ್ವಲ್ಪ ಹುಳಿ ಮಣ್ಣನ್ನು ಸಹಿಸುತ್ತದೆ. ರಸಸಾರ ಹೆಚ್ಚಾದರೆ ಗೆಡ್ಡೆಗಳಲ್ಲಿ ಕಜ್ಜಿ ರೋಗ ಹೆಚ್ಚುತ್ತದೆ. ಆದ್ದರಿಂದ ಪರೀಕ್ಷೆಯಿಲ್ಲದೆ ಸುಣ್ಣ ಹಾಕಬೇಡಿ. ರಸಸಾರ ತೀರ ಕಡಿಮೆಯಿದ್ದರೆ ಮಾತ್ರ ಶಿಫಾರಸು ಮಾಡಿದಷ್ಟು ಹಾಕಿ. ಮೇಲುಗೊಬ್ಬರವನ್ನು ಮಣ್ಣು ಏರಿಸುವ ಸಮಯದಲ್ಲಿ ಕೊಟ್ಟು ಮುಚ್ಚಿ.

• ಸುಣ್ಣ ಮತ್ತು ಗೊಬ್ಬರ: ಕೃಷಿ ಸುಣ್ಣವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲೇ ಮಣ್ಣಿಗೆ ಬೆರೆಸಿ. ಸುಣ್ಣವನ್ನಾಗಲಿ ಒಲೆಯ ಬೂದಿಯನ್ನಾಗಲಿ ಯೂರಿಯಾ, ಅಮೋನಿಯಂ ಸಲ್ಫೇಟ್ ಅಥವಾ ಡಿ.ಎ.ಪಿ. ಜೊತೆ ಎಂದಿಗೂ ಬೆರೆಸಬೇಡಿ. ಲೋಟದಲ್ಲಿ ಎದ್ದ ಘಾಟು ಹೊಲದಲ್ಲಿಯೂ ಏಳುತ್ತದೆ.

• ಭತ್ತ: ಹೊಳೆನರಸೀಪುರ ಮುಂತಾದೆಡೆ ಕಾಲುವೆ ನೀರಿನ ಗದ್ದೆಗಳಲ್ಲಿ ನಿಂತ ನೀರಿಗೆ ಯೂರಿಯಾ ಚೆಲ್ಲುವುದು ಸಾಮಾನ್ಯ. ಹಗಲಿನಲ್ಲಿ ಪಾಚಿಯು ನೀರಿನ ಇಂಗಾಲಾಮ್ಲವನ್ನು ಹೀರಿಕೊಳ್ಳುವುದರಿಂದ ನೀರಿನ ರಸಸಾರ ಏರಿ ಅಮೋನಿಯ ಹಾರಿಹೋಗುತ್ತದೆ. ನೀರನ್ನು ಬಸಿದು, ಕೆಸರಿಗೆ ಯೂರಿಯಾ ಕೊಟ್ಟು, ಒಂದು ದಿನದ ನಂತರ ನೀರು ಹಾಯಿಸಿ. ಕಂತುಗಳಲ್ಲಿ ಕೊಡಿ.

• ರಾಗಿ ಮತ್ತು ಜೋಳ: ಮೇಲುಗೊಬ್ಬರವನ್ನು ಒಣ ಮಣ್ಣಿನ ಮೇಲೆ ಬಿಸಿಲಿನಲ್ಲಿ ಚೆಲ್ಲಬೇಡಿ. ಮಣ್ಣು ಹದವಾಗಿರುವಾಗ ಕೊಟ್ಟು ಕುಂಟೆ ಹೊಡೆದು ಮುಚ್ಚಿ.

• ತೆಂಗು: ಚನ್ನರಾಯಪಟ್ಟಣ ಭಾಗದ ತೋಟಗಳಲ್ಲಿ ಯೂರಿಯಾವನ್ನು ಪಾತಿಯಲ್ಲಿ ಹರಡಿ ಬಿಡದೆ ಮಣ್ಣಿನೊಡನೆ ಬೆರೆಸಿ ನೀರು ಕೊಡಿ. ಪಾತಿಗೆ ಹಸಿರೆಲೆ ಮತ್ತು ಕೊಟ್ಟಿಗೆ ಗೊಬ್ಬರ ಸೇರಿಸಿದರೆ ಅಮೋನಿಯಂ ಹಿಡಿದಿಡುವ ಶಕ್ತಿ ಹೆಚ್ಚುತ್ತದೆ.

• ಮೀನು ಸಾಕುವ ಕೆರೆ ಹೊಂಡಗಳು: ಮೀನಿಗೆ ವಿಷವಾಗುವುದು ಮುಖ್ಯವಾಗಿ ಅಮೋನಿಯ. ನೀರು ಹಸಿರಾಗಿ ಮಧ್ಯಾಹ್ನ ರಸಸಾರ ಏರುವ ಹೊಂಡಗಳಲ್ಲಿ ಆಹಾರ ಮತ್ತು ಗೊಬ್ಬರವನ್ನು ತಗ್ಗಿಸಿ.

• ತಿಪ್ಪೆಗುಂಡಿ: ಗಂಜಲವನ್ನು ಹುಲ್ಲು ಕಸಗಳಲ್ಲಿ ಹೀರಿಸಿ, ಗುಂಡಿಯನ್ನು ಮಣ್ಣಿನಿಂದ ಮುಚ್ಚಿ. ತೆರೆದ ತಿಪ್ಪೆಯಿಂದ ಸಾರಜನಕ ಅಮೋನಿಯವಾಗಿ ನಷ್ಟವಾಗುತ್ತದೆ.

ಗೊಬ್ಬರದ ಅಂಗಡಿಗೆ ಹೋಗುವ ಮೊದಲು ಮಣ್ಣು ಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದು ರಸಸಾರದ ಸಾಲನ್ನು ಮೊದಲು ಓದಿ. ಆ ಒಂದು ಅಂಕಿಯು ನೀವು ಕೊಳ್ಳುವ ಅಮೋನಿಯಂ ಗೊಬ್ಬರ ಮಣ್ಣಿನಲ್ಲಿ ಉಳಿಯುವುದೋ, ಮಣ್ಣಿಗೆ ಸುಣ್ಣ ಬೇಕೋ ಬೇಡವೋ ಎಂಬುದನ್ನು ತಿಳಿಸುತ್ತದೆ. ನಿಮ್ಮ ಬೆಳೆಗೆ ತಕ್ಕ ಗೊಬ್ಬರ ಮತ್ತು ಸುಣ್ಣದ ಪ್ರಮಾಣಕ್ಕಾಗಿ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳನ್ನು ಭೇಟಿ ಮಾಡಿ ಸಲಹೆ ಪಡೆಯಿರಿ.